ಅಪ್ಪನ ಡಿಸ್ಚಾರ್ಜ್ ಬುಕ್‌ನಲ್ಲಿ ಇಲ್ಲದ ಪದಕಗಳು

ಹಾಸನ ಜಿಲ್ಲೆಯ ಓದುಗರೊಬ್ಬರು ಕೇಳಿದ್ದಾರೆ:

"ಸರ್, ನಮ್ಮ ಅಪ್ಪ 1963ರಲ್ಲಿ ಸೇನೆ ಸೇರಿ 1979ರಲ್ಲಿ ಹವಾಲ್ದಾರ್ ಆಗಿ ಪೆನ್ಷನ್ ಮೇಲೆ ಬಂದವರು. ಈಗ ವಯಸ್ಸು 80. 1971ರ ಯುದ್ಧದಲ್ಲಿ ಅವರ ಯೂನಿಟ್ ರಾಜಸ್ಥಾನದ ಗಡಿಯಲ್ಲಿತ್ತು. ಆದರೆ ಡಿಸ್ಚಾರ್ಜ್ ಬುಕ್‌ನ ಪದಕಗಳ ಜಾಗದಲ್ಲಿ ಇರುವುದು ಎರಡೇ, ರಕ್ಷಾ ಮೆಡಲ್ ಮತ್ತು ಸೈನ್ಯ ಸೇವಾ ಮೆಡಲ್. ಸಂಗ್ರಾಮ್ ಮೆಡಲ್, ಪಶ್ಚಿಮಿ ಸ್ಟಾರ್, ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್ ಯಾವುದೂ ಇಲ್ಲ. ಮನೆಯಲ್ಲಿರುವ ಹಳೆಯ ಫೋಟೋದಲ್ಲಿ ಎದೆಯ ಮೇಲೆ ಐದು ರಿಬ್ಬನ್ ಕಾಣುತ್ತವೆ. ರೆಕಾರ್ಡ್ ಆಫೀಸ್‌ಗೆ ಬರೆದಾಗ 'ದಾಖಲೆಯಲ್ಲಿ ನಮೂದು ಕಂಡುಬಂದಿಲ್ಲ' ಎಂದು ಎರಡು ಸಾಲಿನ ಉತ್ತರ ಬಂತು. ನಮ್ಮೂರಿನ ಮಾಜಿ ಸೈನಿಕರೊಬ್ಬರು, ಸರಿ ಮಾಡಿಸಿದರೆ ಪೆನ್ಷನ್ ಜಾಸ್ತಿಯಾಗುತ್ತೆ, ಮೊಮ್ಮಗನಿಗೆ ಸೀಟೂ ಸಿಗುತ್ತೆ ಅಂತಾರೆ. ಇನ್ನೊಬ್ಬರು ಇಷ್ಟು ವರ್ಷವಾದ ಮೇಲೆ ಏನೂ ಆಗಲ್ಲ ಅಂತಾರೆ. ಒಬ್ಬ ಏಜೆಂಟ್ ಮುಂಗಡ ಕೇಳುತ್ತಿದ್ದಾನೆ. ಹೋದ ವರ್ಷ ಧ್ವಜಾರೋಹಣದಲ್ಲಿ ಯಾರೋ 'ಇದೆಲ್ಲ ಬುಕ್‌ನಲ್ಲಿ ಇದೆಯಾ?' ಎಂದು ಕೇಳಿದರಂತೆ. ಅಂದಿನಿಂದ ಅಪ್ಪ ಪದಕ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದಾರೆ. ಏನು ಮಾಡಬಹುದು?"

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಪದಕ ಅವರಿಗೆ ಸಲ್ಲಬೇಕಿತ್ತೇ? ಸಂದಿದ್ದರೆ ಬುಕ್‌ನಲ್ಲಿ ಏಕಿಲ್ಲ? ಈಗ ಬರೆಸಿದರೆ ಏನು ಸಿಗುತ್ತದೆ? ಕೊನೆಯದರಿಂದ ಶುರು ಮಾಡುತ್ತೇನೆ. ಜನ ದುಡ್ಡು ಕಳೆದುಕೊಳ್ಳುವುದು ಅಲ್ಲೇ.

ನೀವು ಹೇಳಿದ ಮೂರು ಪದಕಗಳಿಂದ ಪೆನ್ಷನ್ ಒಂದು ರೂಪಾಯಿಯೂ ಏರುವುದಿಲ್ಲ. ಇವು ಸೇವೆಗೆ, ಯುದ್ಧದಲ್ಲಿ ಪಾಲ್ಗೊಂಡದ್ದಕ್ಕೆ ಕೊಡುವ ಪದಕಗಳು. ತಿಂಗಳ ಭತ್ಯೆ ಬರುವುದು ಶೌರ್ಯ ಪ್ರಶಸ್ತಿಗಳಿಗೆ. 2017ರಲ್ಲಿ ಆ ಭತ್ಯೆಯನ್ನು ದುಪ್ಪಟ್ಟು ಮಾಡಿದರು. ಪರಮ ವೀರ ಚಕ್ರಕ್ಕೆ ತಿಂಗಳಿಗೆ 20,000 ರೂಪಾಯಿ, ವೀರ ಚಕ್ರಕ್ಕೆ 7,000, ಶೌರ್ಯಕ್ಕಾಗಿ ಬಂದ ಸೇನಾ ಮೆಡಲ್‌ಗೆ 2,000 ಆಯಿತು. ಸೀಟಿನ ಮಾತೂ ಹಾಗೆಯೇ. ಮಾಜಿ ಸೈನಿಕರ ಕೋಟಾದ ಆದ್ಯತೆ ಪಟ್ಟಿಯಲ್ಲಿ ಪ್ರಶಸ್ತಿಯ ಲೆಕ್ಕ ಬರುವುದು ಶೌರ್ಯ ಪ್ರಶಸ್ತಿ ಪಡೆದವರ ಮಕ್ಕಳಿಗೆ. ಸಂಗ್ರಾಮ್ ಮೆಡಲ್‌ನಿಂದ ಮೊಮ್ಮಗನಿಗೆ ಸೀಟು ಎನ್ನುವುದು ಸುಮ್ನೆ ಮಾತು. ಏಜೆಂಟ್ ಇದನ್ನೇ ಆಸೆ ತೋರಿಸಿ ಮುಂಗಡ ಕೇಳುತ್ತಿದ್ದರೆ ಅವನನ್ನು ಇವತ್ತೇ ಬಿಡಿ. ಅವನೂ ಕಳಿಸುವುದು ನೀವು ಕಳಿಸಬಹುದಾದ ಅದೇ ಅರ್ಜಿಯನ್ನು. ಜೊತೆಗೆ ಅಪ್ಪನ ಬುಕ್ಕು, ಪಿಪಿಒ (ಪೆನ್ಷನ್ ಪಾವತಿ ಆದೇಶ), ಆಧಾರ್ ಪ್ರತಿಗಳು ಅವನ ಕೈ ಸೇರುತ್ತವೆ. ಪೆನ್ಷನ್‌ದಾರರ ಕಾಗದ ಹೊರಗಿನವರ ಕೈಗೆ ಹೋಗುವುದು ಒಳ್ಳೆಯದಲ್ಲ.

ಹಾಗಾದರೆ ಏಕೆ ಮಾಡಿಸಬೇಕು? ನಿಮ್ಮ ಪತ್ರದ ಕೊನೆಯ ಎರಡು ಸಾಲಿಗಾಗಿ. ಅದು ಸಾಕಷ್ಟು ದೊಡ್ಡ ಕಾರಣ.

"ಇಷ್ಟು ವರ್ಷವಾದ ಮೇಲೆ ಆಗಲ್ಲ" ಎಂಬುದು ಅರ್ಧ ನಿಜ. ಯಾವತ್ತೂ ಶಿಫಾರಸೇ ಆಗದ ಶೌರ್ಯ ಪ್ರಶಸ್ತಿಯನ್ನು ಐವತ್ತು ವರ್ಷದ ನಂತರ ಕೇಳಿದರೆ ಅದು ಮುಂದೆ ಹೋಗುವುದೇ ಕಷ್ಟ. ಆಗ ನೋಡಿದ ಅಧಿಕಾರಿ, ಸಾಕ್ಷಿ, ಶಿಫಾರಸು ಎಲ್ಲ ಅದೇ ಹೊತ್ತಿನಲ್ಲಿ ಆಗಬೇಕಿದ್ದವು. ಸೇವಾ ಪದಕದ ಕತೆ ಬೇರೆ. ಅಲ್ಲಿ ಯಾರೂ ನಿಮ್ಮ ಅಪ್ಪನ ಧೈರ್ಯ ಅಳೆಯಬೇಕಿಲ್ಲ. ಒಂದು ತಾರೀಖು, ಒಂದು ಜಾಗ, ಅಷ್ಟೇ. ಆ ತಾರೀಖಿನಂದು ಅವರು ಸೇವೆಯಲ್ಲಿದ್ದರೇ, ಆ ಜಾಗದಲ್ಲಿದ್ದರೇ?

ಈಗ ನಿಮ್ಮ ಮೂರು ಪದಕಗಳನ್ನು ಈ ಕಣ್ಣಿನಿಂದ ನೋಡೋಣ. ಸಂಗ್ರಾಮ್ ಮೆಡಲ್ ಸಿಗುವುದು 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರೊಳಗೆ ಸೇವೆಯಲ್ಲಿ ಇದ್ದವರಿಗೆ. ಗಡಿಯಲ್ಲೇ ಇರಬೇಕೆಂದಿಲ್ಲ. 25ನೇ ವರ್ಷದ ಮೆಡಲ್ 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ. ನಿಮ್ಮ ತಂದೆ ಸೇರಿದ್ದು 1963, ಬಂದದ್ದು 1979. ಅಂದರೆ ಈ ಎರಡಕ್ಕೂ ಸಾಕ್ಷಿ ಅದೇ ಡಿಸ್ಚಾರ್ಜ್ ಬುಕ್‌ನಲ್ಲಿ ಇದೆ. ಭರ್ತಿಯಾದ ದಿನ ಒಂದು ಕಡೆ, ಬಿಡುಗಡೆಯಾದ ದಿನ ಇನ್ನೊಂದು ಕಡೆ, ಯುದ್ಧ ಅವೆರಡರ ನಡುವೆ. ಇನ್ನೇನು ಬೇಕು?

ಪಶ್ಚಿಮಿ ಸ್ಟಾರ್ ಹಾಗಲ್ಲ. ಅದು ಪಶ್ಚಿಮ ಗಡಿಯ ಕಾರ್ಯಾಚರಣೆ ಪ್ರದೇಶದಲ್ಲಿ ಇದ್ದವರಿಗೆ. ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್. ಸ್ಟಾರ್ ಬಂದವರಿಗೆ ಸಂಗ್ರಾಮ್ ಮೆಡಲ್ ಬರಲ್ಲ ಅಂತ ಕೆಲವರು ತಿಳಿದಿದ್ದಾರೆ. ತಪ್ಪು, ಎರಡೂ ಒಟ್ಟಿಗೆ ಬರುತ್ತವೆ. ಆದರೆ ಸ್ಟಾರ್ ಬೇಕೆಂದರೆ ಆ ಡಿಸೆಂಬರ್‌ನಲ್ಲಿ ನಿಮ್ಮ ತಂದೆ ನಿಜಕ್ಕೂ ಯೂನಿಟ್ ಜೊತೆಯೇ ಇದ್ದರು ಎಂದು ತೋರಿಸಬೇಕು. ಯೂನಿಟ್ ಗಡಿಯಲ್ಲಿತ್ತು ಎಂದರೆ ಸಾಲದು. ಅದೇ ವಾರ ರಜೆಯಲ್ಲಿ, ಕೋರ್ಸ್‌ನಲ್ಲಿ, ಆಸ್ಪತ್ರೆಯಲ್ಲಿ ಇದ್ದವರೂ ಇರುತ್ತಾರೆ. ಇದನ್ನು ಅಪ್ಪನ ಹತ್ತಿರ ನೇರವಾಗಿ ಕೇಳಿ. ಬೇಜಾರಾದರೂ ಕೇಳಿ.

ಅದಕ್ಕೇ ನನ್ನ ಮೊದಲ ಸಲಹೆ: ಮೂರನ್ನೂ ಒಂದೇ ಅರ್ಜಿಯಲ್ಲಿ ಕಟ್ಟಬೇಡಿ. ಸುಲಭದ ಎರಡು ಒಂದು ಅರ್ಜಿ, ಸ್ಟಾರ್ ಇನ್ನೊಂದು. ಒಟ್ಟಿಗೆ ಹಾಕಿದರೆ ಕಷ್ಟದ ಒಂದಕ್ಕಾಗಿ ಸುಲಭದ ಎರಡೂ ಅದೇ ಫೈಲ್‌ನಲ್ಲಿ ಕೂತಿರುತ್ತವೆ. ನಾನು ಒಂದು ರೆಕಾರ್ಡ್ ಆಫೀಸ್‌ನಲ್ಲಿ ಹನ್ನೊಂದು ವರ್ಷ ಕ್ಲರ್ಕ್ ಆಗಿದ್ದೆ. ಇಂಥ ಗಂಟು ಕಟ್ಟಿದ ಅರ್ಜಿಗಳನ್ನು ನಾನೇ ಪಕ್ಕಕ್ಕೆ ಸರಿಸಿಟ್ಟಿದ್ದೇನೆ, ಸುಳ್ಳು ಏಕೆ ಹೇಳಲಿ.

ಪದಕ ಸಂದಿದ್ದರೂ ಬುಕ್‌ನಲ್ಲಿ ಏಕೆ ಬರುವುದಿಲ್ಲ? ಕಾಗದ ನಡೆದು ಬರುವ ದಾರಿ ಗೊತ್ತಾದರೆ ಇದು ಅರ್ಥವಾಗುತ್ತದೆ. ಸೈನಿಕನ ಬದುಕಿನಲ್ಲಿ ಏನೇ ಬದಲಾದರೂ, ಮದುವೆ, ಮಗು, ಬಡ್ತಿ, ಪದಕ, ಯೂನಿಟ್ ಒಂದು ಪಾರ್ಟ್ ಟೂ ಆರ್ಡರ್ ಹೊರಡಿಸುತ್ತದೆ. ಅದು ರೆಕಾರ್ಡ್ ಆಫೀಸ್‌ಗೆ ಹೋಗುತ್ತದೆ. ಅಲ್ಲಿ ಅದನ್ನು ನೋಡಿ ಶೀಟ್ ರೋಲ್‌ನಲ್ಲಿ ಬರೆಯುತ್ತಾರೆ. ಶೀಟ್ ರೋಲ್ ಎಂದರೆ ಆ ಮನುಷ್ಯನ ಪೂರ್ತಿ ಸೇವೆಯ ಕಡತ. ನಿವೃತ್ತಿಯ ಹೊತ್ತಿಗೆ ಶೀಟ್ ರೋಲ್ ನೋಡಿ ಡಿಸ್ಚಾರ್ಜ್ ಬುಕ್ ತುಂಬುತ್ತಾರೆ. ಅಂದರೆ ನಿಮ್ಮ ಕೈಯಲ್ಲಿರುವ ಬುಕ್ಕು ನಕಲಿನ ನಕಲು. ಮೂರು ಕಡೆ ಮೂವರು ಕೈಯಲ್ಲಿ ಬರೆದದ್ದು. ಯಾವ ಹೆಜ್ಜೆಯಲ್ಲಿ ಬೇಕಾದರೂ ಒಂದು ಸಾಲು ಬಿಟ್ಟುಹೋಗಬಹುದು.

ಯುದ್ಧದ ನಂತರ ಯೂನಿಟ್ ಜಾಗ ಬದಲಿಸಿತು, ಆರ್ಡರ್ ಹೊರಡಲೇ ಇಲ್ಲ. ಅಥವಾ ನಿಮ್ಮ ತಂದೆ ಅಷ್ಟರಲ್ಲಿ ಬೇರೆ ಯೂನಿಟ್‌ಗೆ ಪೋಸ್ಟಿಂಗ್ ಹೋಗಿದ್ದರು, ಹಳೆಯವರು ಹೊಸಬರು ಮಾಡುತ್ತಾರೆ ಎಂದುಕೊಂಡರು, ಹೊಸಬರು ಹಳೆಯವರು ಮಾಡಿದ್ದಾರೆ ಎಂದುಕೊಂಡರು. ಇದು ನಾನು ನೋಡಿದ ಕಾರಣಗಳಲ್ಲಿ ಎಲ್ಲಕ್ಕಿಂತ ಮಾಮೂಲಿ.

ಇನ್ನೊಂದು ಕಾರಣ ಹೆಸರು ಮತ್ತು ನಂಬರ್. ನಮ್ಮ ಕಡೆ ಒಂದೇ ಊರಿನಿಂದ ಇಬ್ಬರು ಮಂಜೇಗೌಡರು ಸೇರುತ್ತಾರೆ, ಇನಿಷಿಯಲ್ ಬಿಟ್ಟರೆ ಫರಕೇ ಇಲ್ಲ. ಒಮ್ಮೆ ಒಬ್ಬ ನಿವೃತ್ತ ನಾಯಕ್ ಬಂದಿದ್ದರು. ನನ್ನ ಮೆಡಲ್ ಇಲ್ಲ ಎಂದು ಒಂಬತ್ತು ವರ್ಷದಿಂದ ಬರೆಯುತ್ತಿದ್ದರಂತೆ. ಕೊನೆಗೆ ಯೂನಿಟ್‌ನ ಹಳೆಯ ಪಾರ್ಟ್ ಟೂ ಆರ್ಡರ್ ತೆಗೆದು ನೋಡಿದೆ. ಅವರ ಹೆಸರು ಇತ್ತು. ಆದರೆ ನಂಬರಿನಲ್ಲಿ ನಡುವಿನ ಎರಡು ಅಂಕಿ ಹಿಂದುಮುಂದಾಗಿದ್ದವು. ಆರ್ಮಿ ನಂಬರಿನ ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಇರುತ್ತದಲ್ಲ, ಅದು ಅಲಂಕಾರಕ್ಕೆ ಇರುವುದಲ್ಲ. ಮುಂದಿನ ಅಂಕಿಗಳನ್ನು ಲೆಕ್ಕ ಹಾಕಿ ಕೊಟ್ಟ ಅಕ್ಷರ. ಅಂಕಿ ತಪ್ಪಿದರೆ ಅಕ್ಷರ ಕೂಡುವುದಿಲ್ಲ. ಹಾಗೇ ತಪ್ಪು ಸಿಕ್ಕಿತು. ಮೆಡಲ್ ಇನ್ನೊಬ್ಬರ ಶೀಟ್ ರೋಲ್‌ನಲ್ಲಿ ಆರಾಮಾಗಿ ಕೂತಿತ್ತು. ಆದ್ದರಿಂದ ಅರ್ಜಿಯಲ್ಲಿ ನಂಬರ್ ಬರೆಯುವಾಗ ಕೊನೆಯ ಅಕ್ಷರವನ್ನು ಬಿಡಬೇಡಿ. ತುಂಬ ಜನ ಬಿಡುತ್ತಾರೆ.

ಈಗ ನಿಮಗೆ ಬಂದ ಎರಡು ಸಾಲಿನ ಉತ್ತರಕ್ಕೆ ಬರೋಣ. "ನಮೂದು ಕಂಡುಬಂದಿಲ್ಲ" ಎಂದರೆ "ಅರ್ಹತೆ ಇಲ್ಲ" ಎಂದಲ್ಲ. ನೀವು "ಯಾವ ಪದಕ ಬಂದಿದೆ ತಿಳಿಸಿ" ಎಂದು ಕೇಳಿರಬೇಕು. ಅವರು ಶೀಟ್ ರೋಲ್ ನೋಡಿ, ಬರೆದದ್ದು ಇಲ್ಲ ಎಂದರು. ಪ್ರಶ್ನೆಗೆ ತಕ್ಕ ಉತ್ತರ. ನೀವು ಕೇಳಬೇಕಾದದ್ದು: "ಭರ್ತಿ ಮತ್ತು ಬಿಡುಗಡೆ ದಿನಾಂಕದ ಪ್ರಕಾರ ಇವರು ಈ ಪದಕಕ್ಕೆ ಅರ್ಹರು. ಪರಿಶೀಲಿಸಿ, ಪಾರ್ಟ್ ಟೂ ಆರ್ಡರ್ ಹೊರಡಿಸಿ, ದಾಖಲೆಯಲ್ಲಿ ನಮೂದಿಸಿ." ಈ ಒಂದು ವಾಕ್ಯ ಬದಲಾದರೆ ಫೈಲ್ ಹೋಗುವ ಮೇಜೇ ಬದಲಾಗುತ್ತದೆ.

ಬರೆಯುವ ಮೊದಲು ಮನೆಯಲ್ಲಿ ಒಂದು ಕೆಲಸ. ಟ್ರಂಕ್ ತೆಗೆಯಿರಿ. ಪದಕ ಯಾವುದಾದರೂ ಸಿಕ್ಕರೆ ಮುಖ ನೋಡಬೇಡಿ, ಅಂಚು ನೋಡಿ. ಸರ್ಕಾರದಿಂದ ಬಂದ ಪದಕದ ಅಂಚಿನಲ್ಲಿ ಸಾಮಾನ್ಯವಾಗಿ ನಂಬರ್, ರ‍್ಯಾಂಕ್, ಹೆಸರು ಕೊರೆದಿರುತ್ತದೆ. ಹಳೆಯದಾದರೆ ಕಿಲುಬು ಹಿಡಿದು ಕಾಣುವುದಿಲ್ಲ. ಹುಳಿ ಹಾಕಿ ಉಜ್ಜಬೇಡಿ, ಅಕ್ಷರ ಸವೆದುಹೋಗುತ್ತದೆ. ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದರೆ ಸಾಕು. ಹೆಸರು ಇದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಅಂಚು ನುಣ್ಣಗಿದ್ದರೆ ಗಾಬರಿಯಾಗಬೇಡಿ. ಸರ್ಕಾರಿ ಪದಕ ಬರುವುದು ವರ್ಷಗಟ್ಟಲೆ ತಡವಾದಾಗ ಪೆರೇಡ್‌ಗೆಂದು ಅಂಗಡಿಯಲ್ಲಿ ಕೊಂಡು ಹಾಕಿಕೊಳ್ಳುವುದು ಸೇನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅದು ಮೋಸವಲ್ಲ, ಆದರೆ ಸಾಕ್ಷಿಯೂ ಅಲ್ಲ.

ಫೋಟೋ ಬಗ್ಗೆ ನನಗೆ ಅಷ್ಟು ಭರವಸೆ ಇಲ್ಲ. ಕಪ್ಪು ಬಿಳುಪಿನಲ್ಲಿ ರಿಬ್ಬನ್‌ನ ಬಣ್ಣ ತಿಳಿಯುವುದಿಲ್ಲ. ಆದರೂ ಹಿಂಬದಿ ನೋಡಿ. ಸ್ಟುಡಿಯೋ ಮುದ್ರೆ, ಊರು, ತಾರೀಖು ಇದ್ದರೆ ಅರ್ಜಿಗೆ ಜೊತೆಗಿಡಲು ಅಡ್ಡಿಯಿಲ್ಲ. ಐದು ರಿಬ್ಬನ್ ಎಂದಿದ್ದೀರಿ. ಬುಕ್‌ನ ಎರಡು, ನೀವು ಕೇಳುವ ಮೂರು, ಲೆಕ್ಕ ಸರಿಹೋಗುತ್ತದೆ. ಅದು ನನಗೂ ನಿಮಗೂ ಸಮಾಧಾನ ಕೊಡುತ್ತದೆ, ರೆಕಾರ್ಡ್ ಆಫೀಸ್‌ಗೆ ಕೊಡುವುದಿಲ್ಲ.

ಅರ್ಜಿ ತಂದೆಯವರ ಹೆಸರಿನಲ್ಲೇ, ಅವರ ಸಹಿಯಲ್ಲೇ ಹೋಗಲಿ. ಕೈ ನಡುಗಿದರೆ ಹೆಬ್ಬೆಟ್ಟು ಒತ್ತಿಸಿ, ಇಬ್ಬರು ಸಾಕ್ಷಿ ಹಾಕಿಸಿ. ಇಂಗ್ಲಿಷ್ ಅಥವಾ ಹಿಂದಿಯಲ್ಲಿ, ಒಂದೇ ಪುಟ. ಕನ್ನಡದಲ್ಲಿ ಬರೆದರೆ ಅಲ್ಲಿ ಓದುವವರು ಸಿಗದೆ ನಿಂತುಬಿಡಬಹುದು. ನಂಬರ್, ರ‍್ಯಾಂಕ್, ಬುಕ್‌ನಲ್ಲಿ ಇರುವಂತೆಯೇ ಹೆಸರು, 1971ರ ಡಿಸೆಂಬರ್‌ನಲ್ಲಿದ್ದ ಯೂನಿಟ್ ಮತ್ತು ಕಂಪನಿ, ಭರ್ತಿ ಮತ್ತು ಬಿಡುಗಡೆ ದಿನ, ಪಿಪಿಒ ನಂಬರ್. ಬುಕ್‌ನ ಎಲ್ಲ ಪುಟಗಳ ಜೆರಾಕ್ಸ್. ಮೂಲ ಪುಸ್ತಕವನ್ನು ಅಂಚೆಯಲ್ಲಿ ಕಳಿಸಬೇಡಿ, ಯಾರು ಕೇಳಿದರೂ. ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿಯಿಂದ ಒಂದು ಕವರಿಂಗ್ ಲೆಟರ್ ಹಾಕಿಸಿ ಕಳಿಸಿ. ಅವರಿಗೆ ತಿದ್ದುವ ಅಧಿಕಾರ ಇಲ್ಲ, ಆದರೆ ಅವರ ಪತ್ರಕ್ಕೆ ಒಂದು ನಂಬರ್ ಬೀಳುತ್ತದೆ. ನಂಬರ್ ಬಿದ್ದ ಕಾಗದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಒಂದು ಪ್ರತಿಯನ್ನು ನೀವೇ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಯಾವ ರೆಕಾರ್ಡ್ ಆಫೀಸ್ ಎನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. ಅದು ಊರಿನ ಲೆಕ್ಕದಲ್ಲಿ ಬರುವುದಿಲ್ಲ, ರೆಜಿಮೆಂಟಿನ ಲೆಕ್ಕದಲ್ಲಿ ಬರುತ್ತದೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್‌ನವರಿಗೆ ಬೆಂಗಳೂರು, ಮದ್ರಾಸ್ ರೆಜಿಮೆಂಟ್‌ನವರಿಗೆ ತಮಿಳುನಾಡಿನ ವೆಲ್ಲಿಂಗ್ಟನ್, ಆರ್ಟಿಲರಿಗೆ ನಾಸಿಕ್ ರೋಡ್, ಸಿಗ್ನಲ್ಸ್‌ಗೆ ಜಬಲ್ಪುರ, ಇಎಂಇಗೆ (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್) ಸಿಕಂದರಾಬಾದ್. ವಾಯುಪಡೆಯವರು ದೆಹಲಿಯ ಸುಬ್ರೊತೊ ಪಾರ್ಕ್‌ಗೆ, ನೌಕಾಪಡೆಯ ನಾವಿಕರು ಮುಂಬೈನ ಬ್ಯೂರೋ ಆಫ್ ಸೈಲರ್ಸ್‌ಗೆ ಬರೆಯಬೇಕು.

ಕಾದು ನೋಡಿ, ಮೂರು ತಿಂಗಳಾದರೂ ಸದ್ದಿಲ್ಲ ಎಂದರೆ ಮಾಹಿತಿ ಹಕ್ಕು. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದ ಗಡುವು. ಆದರೆ ಇದರ ಮಿತಿ ತಿಳಿದಿರಲಿ. ಮಾಹಿತಿ ಹಕ್ಕಿನಲ್ಲಿ ಕಾಗದ ಸಿಗುತ್ತದೆ, ತಿದ್ದುಪಡಿ ಸಿಗುವುದಿಲ್ಲ. "ಏಕೆ ಕೊಟ್ಟಿಲ್ಲ" ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಬಿಡಬಹುದು. "ನನ್ನ ಶೀಟ್ ರೋಲ್‌ನ ದೃಢೀಕೃತ ಪ್ರತಿ ಕೊಡಿ, 1971ರಿಂದ 1973ರವರೆಗೆ ನನ್ನ ನಂಬರ್‌ಗೆ ಸಂಬಂಧಿಸಿದ ಪಾರ್ಟ್ ಟೂ ಆರ್ಡರ್‌ಗಳ ಪ್ರತಿ ಕೊಡಿ" ಎಂದು ಕೇಳಿ. ಇದೂ ತಂದೆಯವರ ಹೆಸರಿನಲ್ಲೇ. ನೀವು ಕೇಳಿದರೆ ಮೂರನೆಯವರ ಮಾಹಿತಿ ಎನ್ನುವ ನೆಪ ಸಿಗುತ್ತದೆ. ಉತ್ತರ ಹಿಡಿಸದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ.

ಕೆಲವರಿಗೆ "ದಾಖಲೆ ನಾಶಪಡಿಸಲಾಗಿದೆ" ಎಂಬ ಉತ್ತರ ಬರುತ್ತದೆ. ಪೆನ್ಷನ್ ಇಲ್ಲದೆ ಬಂದವರ ಕಡತವನ್ನು 25 ವರ್ಷದ ನಂತರ ನಾಶ ಮಾಡಲು ನಿಯಮವೇ ಇದೆ. ನಿಮ್ಮ ತಂದೆ ಪೆನ್ಷನ್‌ದಾರರು, ಇನ್ನೂ ಪೆನ್ಷನ್ ನಡೆಯುತ್ತಿದೆ, ಅವರ ಕಡತದ ಗತಿ ಅಷ್ಟು ಬೇಗ ಮುಗಿಯುವುದಿಲ್ಲ. ಹಾಗೆ ಉತ್ತರ ಬಂದರೂ ಲಾಂಗ್ ರೋಲ್ ಎಂಬ ದಪ್ಪ ರಿಜಿಸ್ಟರ್ ಉಳಿದಿರುತ್ತದೆ. ಕಡತ ಹೋದರೂ ಅದರಲ್ಲಿ ಸಾಲು ಇರುತ್ತದೆ, ಭರ್ತಿ ಮತ್ತು ಬಿಡುಗಡೆಯ ದಿನ ಅದರಲ್ಲಿ ಸಿಗುತ್ತದೆ. ನಿಮ್ಮ ಸುಲಭದ ಎರಡು ಪದಕಕ್ಕೆ ಬೇಕಾದದ್ದು ಅಷ್ಟೇ ಅಲ್ವಾ?

ಸ್ಟಾರ್‌ಗೆ ಸಾಕ್ಷಿ ಹುಡುಕಬೇಕು. ಅದೇ ಕಂಪನಿಯಲ್ಲಿದ್ದ ಒಬ್ಬ ಜೊತೆಗಾರರು ಬದುಕಿದ್ದರೆ ಅವರ ಡಿಸ್ಚಾರ್ಜ್ ಬುಕ್‌ನಲ್ಲಿ ಪಶ್ಚಿಮಿ ಸ್ಟಾರ್ ಇದೆಯಾ ನೋಡಿ, ಜೆರಾಕ್ಸ್ ಕೇಳಿ. ಯೂನಿಟ್‌ಗೆ ಸಂದಿತ್ತು ಎಂದು ಅದರಿಂದ ಗೊತ್ತಾಗುತ್ತದೆ. ಅವರಿಂದ ಒಂದು ಅಫಿಡವಿಟ್ ಕೂಡ ಮಾಡಿಸಬಹುದು. ಅಫಿಡವಿಟ್ ಒಂದರಿಂದಲೇ ಕೆಲಸ ಆಗುವುದಿಲ್ಲ, ಆದರೆ ಎಲ್ಲಿ ಹುಡುಕಬೇಕೆಂದು ಕ್ಲರ್ಕ್‌ಗೆ ದಾರಿ ತೋರಿಸುತ್ತದೆ. ಯುದ್ಧಕಾಲದ ಯೂನಿಟ್ ಡೈರಿಗಳು ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗದಲ್ಲಿ ಇರುತ್ತವೆ. ಅದರಲ್ಲಿ ಯೂನಿಟ್ ಎಲ್ಲಿತ್ತು ಎಂದು ಸಿಗುತ್ತದೆ, ಒಬ್ಬೊಬ್ಬ ಜವಾನನ ಹೆಸರು ಸಿಗುವುದು ಅಪರೂಪ. ಮೊದಲು ಯೂನಿಟ್‌ಗೇ ಬರೆಯಿರಿ. ಪಲ್ಟನ್ನಿನವರಿಗೆ ತಮ್ಮ ಹಳಬರ ಮೇಲೆ ಇರುವ ಪ್ರೀತಿ ಕಚೇರಿಗಳಿಗೆ ಇರುವುದಿಲ್ಲ.

ಕೋರ್ಟು? ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, 2007ರ ಕಾಯ್ದೆಯ ಪ್ರಕಾರ ಬಂದದ್ದು. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ತಡವಾದರೆ ಕಾರಣ ಹೇಳಿ ಮನ್ನಾ ಕೇಳಬೇಕು. ಸೇವಾ ಪದಕಕ್ಕಾಗಿ ಮಾತ್ರ ಅಲ್ಲಿಗೆ ಹೋಗಿ ಎಂದು ನಾನು ಹೇಳುವುದಿಲ್ಲ. ವಕೀಲರ ಖರ್ಚು, 80ರ ವಯಸ್ಸಿನಲ್ಲಿ ಓಡಾಟ, ಇವೆರಡೂ ಪದಕಕ್ಕಿಂತ ಭಾರ. ಯುದ್ಧದಲ್ಲಿ ಗಾಯವಾಗಿ ಅದು ದಾಖಲಾಗದೆ ವಾರ್ ಇಂಜುರಿ ಪೆನ್ಷನ್ ತಪ್ಪಿದ್ದರೆ ಆಗ ಮಾತು ಬೇರೆ. ಅಲ್ಲಿ ಸಾಕಷ್ಟು ಹಣದ ಪ್ರಶ್ನೆ ಇರುತ್ತದೆ, ಹೋರಾಡಬೇಕು.

ಒಂದು ಎಚ್ಚರಿಕೆ. ಬುಕ್‌ನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಅದನ್ನು ಈ ಅರ್ಜಿಯಲ್ಲಿ ಎಳೆದು ತರಬೇಡಿ. ಅದಕ್ಕೆ ಬೇರೆ ದಾರಿ, ಬೇರೆ ಕಾಗದ. ಇದರಲ್ಲಿ ಬೆರೆಸಿದರೆ ಪದಕ ಪಕ್ಕಕ್ಕೆ ಹೋಗಿ ಹೆಸರಿನ ವಿಚಾರಣೆ ಶುರುವಾಗುತ್ತದೆ. ಆದರೆ ಶೀಟ್ ರೋಲ್ ಪ್ರತಿ ಕೈಗೆ ಬಂದಾಗ ಪದಕದ ಸಾಲಿಗಿಂತ ಮೊದಲು ಇನ್ನೊಂದು ಸಾಲು ನೋಡಿ: ನಿಮ್ಮ ಅಮ್ಮನ ಹೆಸರು ಮತ್ತು ಹುಟ್ಟಿದ ದಿನ ಸರಿಯಾಗಿದೆಯಾ? ನಾಳೆ ಅಮ್ಮನಿಗೆ ಫ್ಯಾಮಿಲಿ ಪೆನ್ಷನ್ ಸಿಗುವುದು ಅದೇ ಸಾಲಿನ ಆಧಾರದ ಮೇಲೆ. ತಪ್ಪಿದ್ದರೆ ತಂದೆಯವರು ಇರುವಾಗಲೇ ಸರಿ ಮಾಡಿಸಿ. ಪದಕ ಹುಡುಕಲು ಹೋಗಿ ಇದನ್ನು ಕಂಡುಹಿಡಿದ ಎಷ್ಟೋ ಮನೆಗಳನ್ನು ನೋಡಿದ್ದೇನೆ.

ಇನ್ನು ತಂದೆಯವರ ವಿಷಯ. ರಕ್ಷಾ ಮತ್ತು ಸೈನ್ಯ ಸೇವಾ, ಈ ಎರಡು ಬುಕ್‌ನಲ್ಲಿ ಇವೆ. ರಕ್ಷಾ ಮೆಡಲ್ 1965ರ ಆಗಸ್ಟ್ 5ಕ್ಕೆ 180 ದಿನದ ಸೇವೆ ಮುಗಿಸಿದ್ದವರಿಗೆ ಕೊಟ್ಟದ್ದು. ಬುಕ್‌ನಲ್ಲಿರುವ ಈ ಎರಡನ್ನೂ ಯಾರೂ ಪ್ರಶ್ನೆ ಮಾಡುವಂತಿಲ್ಲ. ಬರುವ ಆಗಸ್ಟ್ 15ಕ್ಕೆ ಅವೆರಡನ್ನು ಹಾಕಿಕೊಂಡು ಹೋಗಲಿ. ಉಳಿದವು ಪಾರ್ಟ್ ಟೂ ಆರ್ಡರ್ ಬಂದ ಮೇಲೆ. ಅದಕ್ಕೂ ಮೊದಲು ಒಂದು ಸಂಜೆ ಅವರ ಹತ್ತಿರ ಕೂತು ಆ ಡಿಸೆಂಬರ್ ಬಗ್ಗೆ ಕೇಳಿ: ಕಂಪನಿ ಯಾವುದು, ಕಮಾಂಡರ್ ಯಾರು, ರೈಲು ಇಳಿದದ್ದು ಎಲ್ಲಿ, ಪಕ್ಕದ ಟ್ರೆಂಚ್‌ನಲ್ಲಿ ಯಾರಿದ್ದರು. ಅವರು ಹೇಳಿದಂತೆಯೇ ಬೇರೆ ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಸಹಿ ಮಾಡಿಸಿ ಡಿಸ್ಚಾರ್ಜ್ ಬುಕ್‌ನ ಒಳಗೆ ಇಡಿ. ಬುಕ್‌ನ ಮೇಲೆ ಮಾತ್ರ ಪೆನ್ಸಿಲ್‌ನಲ್ಲೂ ಏನೂ ಬರೆಯಬೇಡಿ.